ಉಫ್ಫಕ್ಕ ಊದಿದ ಗಾಜು

ನನ್ನ ನಾದಿನಿಯ ನಿಜವಾದ ಹೆಸರು ಈಗ ಅವಳ ಸ್ವಂತ ಅಣ್ಣನಿಗೂ ಥಟ್ಟನೆ ನೆನಪಾಗುವುದಿಲ್ಲ. ಓಣಿಯವರಿಗೆ, ಹಾಲು ತರುವವಳಿಗೆ, ಬೆಟ್ಟದ ಮೇಲೆ ಅವಳ ಜೊತೆ ಕೆಲಸ ಮಾಡುವವರಿಗೆ, ಎಲ್ಲರಿಗೂ ಅವಳು ಉಫ್ಫಕ್ಕ. ಕುರ್ಚಿಯಲ್ಲಿ ಕೂರುವ ಮುಂಚೆ ಉಫ್, ತಟ್ಟೆ ಇಡುವ ಮುಂಚೆ ಉಫ್, ಕನ್ನಡಕ ಏರಿಸುವ ಮುಂಚೆ ಎರಡು ಸಲ ಉಫ್ ಉಫ್. ನಮ್ಮ ಮನೆಯವರು ಬಸ್ಸಿನ ಕಂಡಕ್ಟರ್ ಆಗಿದ್ದವರು. ಕೆಲಸಕ್ಕೆ ನಿವೃತ್ತಿ ಸಿಕ್ಕರೂ ನಾಲಗೆಗೆ ಸಿಕ್ಕಿಲ್ಲ. "ನೋಡ್ಕೊಂಡು ಊದೇ ತಾಯಿ, ಮೊದಲೇ ತೆಳ್ಳಗಿದ್ದೀನಿ, ಕಿಟಕಿಯಿಂದ ಆಚೆ ಹೋದೇನು," ಎನ್ನುತ್ತಿದ್ದರು.

ಈ ಊದುವ ಚಾಳಿ ಅವಳಿಗೆ ಹನ್ನೆರಡನೆಯ ವಯಸ್ಸಿನಲ್ಲಿ ಅಂಟಿದ್ದು. ಶಾಲೆ ಬಿಡಿಸಿ ಪೇಟೆಯ ಕನ್ನಡಕದ ಅಂಗಡಿಗೆ ಹಾಕಿದ್ದರು. ದಿನವೆಲ್ಲ ಗಾಜು ಊದುವುದು, ಒರೆಸುವುದು, ಬೆಳಕಿಗೆ ಹಿಡಿದು ನೋಡುವುದು. ಆಮೇಲೆ ಮದುವೆಯಾಯಿತು. ಗಂಡ ಬೆಟ್ಟದ ಮೇಲಿನ ದೊಡ್ಡ ದುರ್ಬೀನಿನ ಕಟ್ಟಡದಲ್ಲಿ ಜೀಪು ಓಡಿಸುತ್ತಿದ್ದ. ಎಂಟು ವರ್ಷಕ್ಕೆ ಶ್ವಾಸಕೋಶ ಕೈಕೊಟ್ಟು ತೀರಿಕೊಂಡ. ಮಕ್ಕಳಿರಲಿಲ್ಲ. ಅವನ ಕೆಲಸದ ಬದಲಿಗೆ ಅವಳಿಗೆ ಅಲ್ಲೇ ನೆಲ ಒರೆಸುವ ಕೆಲಸ ಕೊಟ್ಟರು. ನಾವು ನಮ್ಮ ಹಿಂದಿನ ಕೋಣೆ ಕೊಟ್ಟೆವು.

ಗಾಜಿನ ಕೆಲಸ ಅವಳಿಗೆ ಬಂದ ಬಗೆಯೇ ಬೇರೆ. ದುರ್ಬೀನಿನ ಬುಡದಲ್ಲಿ ಕ್ಯಾಮೆರಾ ಇರುತ್ತದಂತೆ, ಅದರ ಮುಂದೆ ಅಂಗೈ ಅಗಲದ ಒಂದು ಗಾಜು. ನಕ್ಷತ್ರದ ಬೆಳಕು ಎಲ್ಲೆಲ್ಲಿಂದಲೋ ಬಂದು ಕೊನೆಗೆ ಆ ಗಾಜು ದಾಟಿ ಒಳಗೆ ಹೋಗಬೇಕು. ಅದನ್ನು ಶುಚಿಯಾಗಿಡುತ್ತಿದ್ದ ಮುದುಕನಿಗೆ ಕೈ ನಡುಗಲು ಶುರುವಾದಾಗ ಅವನು ಐದು ಜನರನ್ನು ಕರೆದು, ಒಬ್ಬೊಬ್ಬರ ಮುಂದೂ ಬೂದಿ ಉದುರಿಸಿದ ಒಂದೊಂದು ಕನ್ನಡಿ ಇಟ್ಟ. "ಮುಟ್ಟದೆ ತೆಗೀರಿ," ಎಂದ. ನಾಲ್ಕು ಜನ ಬೆರಳು ತಾಗಿಸಿದರು. ಇವಳೊಬ್ಬಳು, ಅಮುಕಿದರೆ ಗಾಳಿ ಬಿಡುವ ರಬ್ಬರಿನ ಊದುಬುರುಡೆ ಹಿಡಿದು, ಮಗುವಿನ ಕಣ್ಣಿನ ಕಸ ತೆಗೆಯುವವಳ ಹಾಗೆ, ಕಾಲುಗಂಟೆ ಕೂತು ಬೂದಿಯನ್ನೆಲ್ಲ ಹಾರಿಸಿದಳು. ಮುದುಕ ಗಾಜಿನ ಕೆಲಸದ ಸಾಮಾನಿಡುವ ಬೀರುವಿನ ಕೀಲಿಯನ್ನು ದಾರಕ್ಕೆ ಕಟ್ಟಿ ಅವಳ ಕೊರಳಿಗೆ ಹಾಕಿದ. "ಗಾಜಿನ ಮೇಲೆ ನಿನ್ನ ನೆರಳು ಬಿದ್ರೂ ಬೀಳಲಿ. ನಿನ್ನ ಉಸಿರು ಬೀಳಬಾರದು," ಎಂದು ಹೇಳಿ ಬೆಟ್ಟ ಇಳಿದ.

ಹದಿನೆಂಟು ವರ್ಷ ಆ ಕೀಲಿ ಅವಳ ಕೊರಳಲ್ಲಿತ್ತು. ಸ್ನಾನಕ್ಕೆ ಹೋಗುವಾಗ ಮಾತ್ರ ತೆಗೆದು ನನ್ನ ಕೈಗೆ ಕೊಡುತ್ತಿದ್ದಳು, ಮೊಳೆಗೆ ನೇತುಹಾಕುತ್ತಿರಲಿಲ್ಲ. ಮನೆಯಲ್ಲಿ ಬಾಯಿಂದ ಎಷ್ಟೇ ಊದಲಿ, ಬೆಟ್ಟದ ಮೇಲೆ ಬುರುಡೆಯಿಂದಲೇ. ಹದಿನೈದು ದಿನಕ್ಕೊಂದು ಮಂಗಳವಾರ ಬೆಳಿಗ್ಗೆ ಗಾಜಿನ ಕೆಲಸ. ಮುಗಿದ ಮೇಲೆ ಟಾರ್ಚನ್ನು ಓರೆಯಾಗಿ ಹಿಡಿದು ನೋಡಬೇಕು, ಪುಸ್ತಕದಲ್ಲಿ ಗುರುತು ಹಾಕಬೇಕು. ಮಧ್ಯಾಹ್ನ ಹನ್ನೆರಡಕ್ಕೆ ಒಂದು ಬಿಳಿ ಪರದೆಗೆ ದೀಪ ಹಾಕಿ ದುರ್ಬೀನಿನಲ್ಲಿ ಅದರ ಚಿತ್ರ ತೆಗೆಯುತ್ತಾರೆ. ಅದು ದಿನಾ ನಡೆಯುವಂಥದ್ದು. ಗಾಜಿನ ಮೇಲೆ ಎಲ್ಲಾದರೂ ಕಣ ಉಳಿದಿದ್ದರೆ ಆ ಬಿಳುಪಿನಲ್ಲಿ ಕಾಣುತ್ತದೆ. ರಾತ್ರಿ ನಕ್ಷತ್ರದ ಚಿತ್ರ ಬಂದಾಗ ಯಂತ್ರ ಆ ಕಲೆಯನ್ನು ತಾನೇ ಕಳೆದುಬಿಡುತ್ತದೆ. ಮೊದಲು ಗಾಜು, ಆಮೇಲೆ ಬಿಳಿ ಪರದೆ. ಇದು ಹಿಂದುಮುಂದಾಗಬಾರದು.

ಆ ಒಂದು ಮಂಗಳವಾರ ಹಿಂದುಮುಂದಾಯಿತು.

ಬೆಳಿಗ್ಗೆ ಬೀರು ತೆಗೆದು ಬುರುಡೆ ಅಮುಕಿದರೆ ರಬ್ಬರು ಪಕ್ಕದಲ್ಲಿ ಸೀಳಿತ್ತು, ಗಾಳಿ ಬುಸ್ಸೆಂದು ಅಂಗೈಗೇ ಬಂತು. ಹೊಸದನ್ನು ಕೇಳಲು ಉಗ್ರಾಣಕ್ಕೆ ಹೋದರೆ ಬೀಗ. ಉಗ್ರಾಣದವನು ಹಲ್ಲು ಕೀಳಿಸಲು ಕೆಳಗೆ ಹೋಗಿದ್ದ. ಮೂರು ಕೋಣೆ ಹುಡುಕಿ, ಹಳೇ ಪೆಟ್ಟಿಗೆಗಳನ್ನೆಲ್ಲ ತಡಕಾಡಿ ಬರುವಷ್ಟರಲ್ಲಿ ಹನ್ನೆರಡು ದಾಟಿ ಬಿಳಿ ಪರದೆಯ ಚಿತ್ರ ಮುಗಿದಿತ್ತು. ಮೂರಕ್ಕೆ ಕೆಳಗಿಳಿಯುವ ವ್ಯಾನು. ಗಾಜಿನ ಮೇಲೆ ಒಂದು ಎಳೆ ಧೂಳು ಕೂತಿತ್ತು, ರೆಪ್ಪೆಗೂದಲಿನಷ್ಟು. ಸುತ್ತ ಯಾರೂ ಇರಲಿಲ್ಲ. ಅವಳು ಬಗ್ಗಿದಳು, ನಲವತ್ತು ವರ್ಷದ ಚಾಳಿ ತುಟಿಗೆ ಬಂತು. ಉಫ್.

ಎಳೆ ಹಾರಿತು. ಟಾರ್ಚು ಹಿಡಿದಳೋ ಇಲ್ಲವೋ ನೆನಪಿಲ್ಲ ಎಂದಳು ಆಮೇಲೆ. ಹಿಡಿದಿದ್ದರೂ ಓರೆಯಾಗಿ ಹಿಡಿದಿರಲಿಕ್ಕಿಲ್ಲ. ಪುಸ್ತಕದಲ್ಲಿ ಗುರುತು ಹಾಕಿ ವ್ಯಾನು ಹತ್ತಿದಳು. ಮಾರನೆಯ ದಿನ ಉಗ್ರಾಣದವನಿಂದ ಹೊಸ ಬುರುಡೆ ಇಸಿದುಕೊಂಡಳು, ಊದಿದ ಮಾತು ಮಾತ್ರ ಎತ್ತಲಿಲ್ಲ. ಇಷ್ಟೇ ಆಗಿದ್ದರೆ ಈ ಕಥೆಯೇ ಇರುತ್ತಿರಲಿಲ್ಲ.

ಮುಂದಿನ ಸೋಮವಾರ ಚಹಾ ಕೋಣೆಗೆ ಸಣ್ಣ ಮೇಡಂ ಬಿಸ್ಕತ್ತಿನ ಡಬ್ಬ ಹಿಡಿದುಕೊಂಡು ಬಂದಳಂತೆ. ಸಣ್ಣ ಮೇಡಂ ಎಂದರೆ ಅಲ್ಲಿ ನಕ್ಷತ್ರಗಳ ಚಿತ್ರ ನೋಡುವ ಹುಡುಗಿ. ಆರು ವರ್ಷದಿಂದ ಇದ್ದಾಳೆ, ಊಟ ಮರೆಯುತ್ತಾಳೆ. ನನ್ನ ನಾದಿನಿ ಡಬ್ಬಿಯಲ್ಲಿ ಊಟ ಒಯ್ದು ತಿನ್ನಿಸಿದ್ದೂ ಉಂಟು.

"ಸಿಕ್ತು ಅಕ್ಕ! ಒಂದು ಲೋಕ ಸಿಕ್ತು. ಗ್ರಹ, ಆದ್ರೆ ನಮ್ಮ ಸೂರ್ಯನಿಗೆ ಸೇರಿದ್ದಲ್ಲ, ಬೇರೆ ನಕ್ಷತ್ರದ್ದು. ಜಗತ್ತಿನವರೆಲ್ಲ ಸೇರಿ ಇಂಥವು ಆರು ಸಾವಿರದ ಹತ್ತಿರ ಹುಡುಕಿದ್ದಾರೆ, ಈ ಬೆಟ್ಟದಿಂದ ಇದೇ ಮೊದಲನೇದು."

"ಹೇಗಿದೆ ಮೇಡಂ ನೋಡೋಕೆ?" ಎಂದ ಉಗ್ರಾಣದವನು.

"ನೋಡೋಕೆ ಆಗಲ್ಲ."

"ಹಂಗಾದ್ರೆ ನಮ್ಮ ಉಗ್ರಾಣದ ಸುತ್ತಿಗೆ ಹಂಗೆ. ಪುಸ್ತಕದಲ್ಲಿದೆ, ಕಣ್ಣಿಗೆ ಕಾಣಲ್ಲ."

ಎಲ್ಲರೂ ನಕ್ಕರು. ಸಣ್ಣ ಮೇಡಂ ಗೋಡೆಯ ದೀಪ ತೋರಿಸಿದಳು. "ಆ ದೀಪದ ಮುಂದೆ ಒಂದು ಹುಳ ಹಾದುಹೋದ್ರೆ ಬೆಳಕು ಚೂರು ಮಂಕಾಗುತ್ತಲ್ಲ? ಲೋಕ ತನ್ನ ನಕ್ಷತ್ರದ ಮುಂದೆ ಹಾದ್ರೂ ಹಾಗೇನೇ. ಆ ನಕ್ಷತ್ರದ ಬೆಳಕು ಮೂರು ಗಂಟೆ ಹೊತ್ತು ನೂರರಲ್ಲಿ ಒಂದು ಪಾಲು ಕಮ್ಮಿಯಾಯ್ತು. ಮೊದಲೊಂದು ಸಲ ಆಗಿತ್ತು. ಮೂವತ್ತೆಂಟು ದಿನಕ್ಕೆ ಇನ್ನೊಂದು ಸಲ. ಮಧ್ಯದಲ್ಲಿ ಒಂದು ಸಲ ಮೋಡಕ್ಕೆ ತಪ್ಪಿಹೋಗಿರಬಹುದು, ಹತ್ತೊಂಬತ್ತು ದಿನಕ್ಕೊಮ್ಮೆ ಸುತ್ತುತ್ತೋ ಏನೋ ಅಂತ ಅನುಮಾನ ಬಂತು. ಸರಿಯಾಗಿ ಹತ್ತೊಂಬತ್ತನೇ ರಾತ್ರಿ ದುರ್ಬೀನು ಆ ಕಡೆ ತಿರುಗಿಸಿ ನೋಡಿದೆ. ಇತ್ತು! ಶುಕ್ರವಾರ ಬರೆದು ಕಳಿಸ್ತೀವಿ. ಪತ್ರಿಕೆಯವರೂ ಬರ್ತಾರೆ."

"ಯಾವತ್ತು ನೋಡಿದ್ದು?" ನನ್ನ ನಾದಿನಿ ಸುಮ್ಮನೆ ಕೇಳಿದಳಂತೆ, ಲೋಟ ತೊಳೆಯುತ್ತ.

"ಹೋದ ಮಂಗಳವಾರ ರಾತ್ರಿ ಅಕ್ಕ."

ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಳ್ಳುತ್ತಾರಲ್ಲ, ಹಾಗೆ ಅವಳ ಕೈ ತುಟಿಗೆ ಹೋಯಿತು. ಕೈಯಲ್ಲಿದ್ದ ಲೋಟ ತೊಟ್ಟಿಗೆ ಜಾರಿತು.

ಆ ಸಂಜೆಯಿಂದ ಮನೆಯಲ್ಲಿ ಏನೋ ಸರಿಯಿಲ್ಲ ಎಂದು ನನಗೆ ತಿಳಿಯಿತು, ಏನೆಂದು ತಿಳಿಯಲಿಲ್ಲ. ಅವಳು ಬಾಯಿಗೆ ಕೈ ಅಡ್ಡ ಇಟ್ಟುಕೊಂಡು ಮಾತಾಡುತ್ತಿದ್ದಳು. ಗಂಟೆಗೊಮ್ಮೆ ಎದ್ದು ನಲ್ಲಿಯ ಹತ್ತಿರ ಹೋಗಿ ಬಾಯಿ ಮುಕ್ಕಳಿಸುತ್ತಿದ್ದಳು.

"ಹಲ್ಲು ನೋವೇನೇ?" ಎಂದರು ನಮ್ಮ ಮನೆಯವರು.

"ಇಲ್ಲ ಅಣ್ಣ."

"ಮತ್ಯಾಕೆ ಬಾಯಿ ಮುಚ್ಚಿದೀಯ? ಚಿನ್ನದ ಹಲ್ಲು ಕಟ್ಟಿಸ್ಕೊಂಡ್ಯಾ?"

ಅವಳು ಎದ್ದು ನಲ್ಲಿಯ ಕಡೆ ಹೋದಳು. ಮಂಗಳವಾರ ಕಳೆಯಿತು. ಬುಧವಾರ ಸಂಜೆ ಹಿತ್ತಲಲ್ಲಿ ಬಟ್ಟೆ ತೆಗೆಯುತ್ತಿದ್ದೆ. ಹಿಂದೆ ಬಂದು ನಿಂತಳು. ನಾನು ತಿರುಗಲಿಲ್ಲ. ತಿರುಗಿದರೆ ಅವಳು ಒಳಗೆ ಹೋಗಿಬಿಡುತ್ತಾಳೆ ಎಂದು ನನಗೆ ಗೊತ್ತಿತ್ತು. ಬಟ್ಟೆ ಮಡಚುತ್ತಲೇ ಇದ್ದೆ, ಮಡಚಿದ್ದನ್ನೇ ಬಿಚ್ಚಿ ಮತ್ತೆ ಮಡಚಿದೆ.

"ಅತ್ತಿಗೆ, ಬಾಯಿಂದ ಊದಿದ್ರೆ ಉಗುಳು ಹಾರುತ್ತಾ?"

"ಚೂರು ಹಾರ್ದೆ ಇರುತ್ತಾ?"

"ಎಷ್ಟು?"

"ಎಷ್ಟು ಅಂದ್ರೆ? ಸಾಸಿವೆಯಲ್ಲಿ ಸಾವಿರದೊಂದು ಪಾಲು."

ಅವಳು ಬಟ್ಟೆಯ ಬುಟ್ಟಿಯ ಪಕ್ಕ ಕುಸಿದು ಕೂತಳು. "ಆ ಮಗು ಹುಡುಕಿರೋ ಲೋಕ ನನ್ನ ಉಗುಳು ಅತ್ತಿಗೆ. ನನ್ನ ಎಂಜಲನ್ನ ಆಕಾಶದಲ್ಲಿ ಇಟ್ಟು, ಅದರ ವರ್ಷಕ್ಕೆ ಇಷ್ಟೇ ದಿನ ಅಂತ ಬರೀತಿದ್ದಾರೆ. ನಾಡಿದ್ದು ಪತ್ರಿಕೆಯವರು ಬರ್ತಾರೆ."

ಆಮೇಲೆ ಒಂದೊಂದಾಗಿ ಎಲ್ಲ ಹೇಳಿದಳು, ಮೇಲೆ ಬರೆದಿರುವುದನ್ನೆಲ್ಲ. ಹೇಳುವಾಗ ಕೀಲಿಯನ್ನು ಮುಷ್ಟಿಯಲ್ಲಿ ಹಿಡಿದಿದ್ದಳು. ಬಿಟ್ಟಾಗ ಅಂಗೈಯಲ್ಲಿ ಕೀಲಿಯ ಹಲ್ಲುಗಳ ಅಚ್ಚು ಮೂಡಿತ್ತು. ಹೋದ ವರ್ಷ ಗಾಜಿಗೆ ಬೆರಳು ತಾಗಿಸಿದ ಎಲೆಕ್ಟ್ರಿಷಿಯನ್‌ನನ್ನು ದೊಡ್ಡ ಸಾರ್ ಅದೇ ಸಂಜೆ ಬೆಟ್ಟ ಇಳಿಸಿದ್ದರು. ದೊಡ್ಡ ಸಾರ್ ಎಂದರೆ ಅಲ್ಲಿನ ಮುಖ್ಯಸ್ಥರು, ಬೈಯುವವರಲ್ಲ, ಆದರೆ ಅವರ ಸುಮ್ಮನಿರುವಿಕೆಗೇ ಜನ ಹೆದರುತ್ತಿದ್ದರು.

"ಕೀಲಿ ಕಿತ್ಕೋತಾರೆ ಅತ್ತಿಗೆ. ಇದು ಬಿಟ್ರೆ ನನಗೆ ಏನು ಬರುತ್ತೆ? ಬೆಟ್ಟ ಇಳಿಸಿದ್ರೆ ನಾನು ಯಾರು? ಹೇಳದೇ ಇದ್ರೆ ಯಾರಿಗೂ ಗೊತ್ತಾಗಲ್ಲ. ಬರೋ ಮಂಗಳವಾರ ಗಾಜು ಶುಚಿ ಮಾಡಿದ್ರೆ ಅದೂ ಹೋಯ್ತು."

"ಹಂಗಾದ್ರೆ ಸುಮ್ಮನಿರು."

"ಹೇಗೆ ಸುಮ್ಮನಿರ್ಲಿ? ನಾಳೆ ಯಾರೋ ದೊಡ್ಡ ದುರ್ಬೀನಿನವರು ನೋಡಿ, ಅಲ್ಲಿ ಏನೂ ಇಲ್ವಲ್ಲ ಅಂತ ನಕ್ಕರೆ? ಆ ಹುಡುಗಿಯ ಆರು ವರ್ಷ?"

ನುಂಗುವ ಹಾಗಿಲ್ಲ, ಉಗುಳುವ ಹಾಗಿಲ್ಲ. ಇಂಥ ಹೊತ್ತಿನಲ್ಲಿ ಬುದ್ಧಿ ಹೇಳುವವರಿಗಿಂತ ಪಕ್ಕದಲ್ಲಿ ಕೂರುವವರು ಮೇಲು. ಕತ್ತಲಾಗುವವರೆಗೆ ಕೂತೆ. ಕೊನೆಗೆ ಅವಳೇ, "ನಾಳೆ ನೀವೂ ಬನ್ನಿ. ನನ್ನ ಕಾಲು ಅಲ್ಲಿವರೆಗೆ ನಡೆಯಲ್ಲ," ಎಂದಳು.

ಗುರುವಾರ ಬೆಳಗಿನ ವ್ಯಾನಿನಲ್ಲಿ ಹೋದೆವು. ತಿರುವು ತಿರುವಿನಲ್ಲೂ ಅವಳು ನನ್ನ ಮಣಿಕಟ್ಟು ಹಿಡಿದುಕೊಳ್ಳುತ್ತಿದ್ದಳು. ಅವಳ ಬೆರಳು ಬಾವಿಯಿಂದ ಎತ್ತಿದ ಹಗ್ಗದ ಹಾಗೆ ತಣ್ಣಗಿತ್ತು. ಸಣ್ಣ ಮೇಡಂ ಕೋಣೆ ನಮ್ಮ ಅಡುಗೆಮನೆಯಷ್ಟೇ. ಎರಡು ಕಂಪ್ಯೂಟರ್ ಪರದೆ, ಕುರ್ಚಿಯ ಮೇಲೆ ಕಂಬಳಿ, ಮೇಜಿನ ಮೇಲೆ ಕಚ್ಚಿ ಬಿಟ್ಟ ಸೇಬು ಕಂದಾಗಿ ಕೂತಿತ್ತು. ದೊಡ್ಡ ಸಾರ್ ಕೂಡ ಅಲ್ಲೇ ಇದ್ದರು, ಶುಕ್ರವಾರದ ಬರಹದ ಹಾಳೆ ಕೈಯಲ್ಲಿ ಹಿಡಿದು.

"ಏನಕ್ಕ, ಅತ್ತಿಗೆಯನ್ನೂ ಕರ್ಕೊಂಡು ಬಂದ್ರಾ ನಮ್ಮ ಲೋಕ ನೋಡೋಕೆ?" ಎಂದಳು ಹುಡುಗಿ ನಗುತ್ತ.

ಆ ನಗು ನೋಡಿ ನನ್ನ ನಾದಿನಿ ಬಾಗಿಲಲ್ಲೇ ನಿಂತಳು. ಎರಡು ಸಲ ತುಟಿ ಅಲ್ಲಾಡಿತು, ದನಿ ಬರಲಿಲ್ಲ. ಮೂರನೆಯ ಸಲ ಒಂದೇ ಉಸಿರಿಗೆ ಬಂತು: "ಆವತ್ತು ಬುರುಡೆ ಹರಿದಿತ್ತು, ಬಿಳಿ ಪರದೆ ಮುಗಿದ ಮೇಲೆ ಗಾಜಿಗೆ ಹೋದೆ, ಬಾಯಿಂದ ಊದ್ದೆ. ಪುಸ್ತಕದಲ್ಲಿ ಸುಳ್ಳು ಗುರುತು ಹಾಕ್ದೆ."

ಹುಡುಗಿಯ ಮುಖದಿಂದ ನಗು ಹೋಗಲಿಲ್ಲ, ಅಲ್ಲೇ ಒಣಗಿತು. ತಿರುಗಿ ಕೂತು ಕಂಪ್ಯೂಟರಿನಲ್ಲಿ ಎರಡು ಚಿತ್ರ ತೆರೆದಳು: ಆ ಮಂಗಳವಾರ ಮಧ್ಯಾಹ್ನದ ಬಿಳಿ ಪರದೆ ಒಂದು, ಮರುದಿನದ್ದು ಒಂದು. ಮೊದಲನೆಯದರಲ್ಲಿ ಧೂಳಿನ ಎಳೆ ಒಂದು ಮೂಲೆಯಲ್ಲಿತ್ತು, ಉಳಿದದ್ದು ಬಿಳಿ. ಎರಡನೆಯದರಲ್ಲಿ ಎಳೆ ಇಲ್ಲ. ನಡುವಿನಿಂದ ಸ್ವಲ್ಪ ಆಚೆ ಒಂದು ಮಸುಕು ಉಂಗುರ, ಲೋಟ ಇಟ್ಟು ತೆಗೆದರೆ ಮೇಜಿನ ಮೇಲೆ ಉಳಿಯುವಂಥದ್ದು.

"ಬುಧವಾರದಿಂದ ಬಿಳಿ ಪರದೆಯಲ್ಲಿ ಇದ್ದೇ ಇತ್ತು," ಎಂದಳು ಹುಡುಗಿ ಮೆಲ್ಲಗೆ. "ಯಂತ್ರ ಕಳೀತಾ ಹೋಯ್ತು. ನಾನು ಕಣ್ಣಿಟ್ಟು ನೋಡ್ಲಿಲ್ಲ." ಮತ್ತೇನೋ ಒತ್ತಿದಳು. ಮಂಗಳವಾರ ರಾತ್ರಿ ನಕ್ಷತ್ರ ಗಾಜಿನ ಮೇಲೆ ಎಲ್ಲೆಲ್ಲಿ ಸರಿದಿತ್ತು ಎಂಬುದರ ಗೆರೆ ಬಂತು. ಇರುವೆ ನಡೆದ ಹಾಗೆ ಆ ಗೆರೆ ಹೋಗಿ ಹೋಗಿ ಉಂಗುರವನ್ನು ಹೊಕ್ಕು ಆಚೆ ಹೊರಟಿತ್ತು.

"ಎಷ್ಟು ಹೊತ್ತು?" ಎಂದರು ದೊಡ್ಡ ಸಾರ್.

"ಮೂರು ಗಂಟೆ."

ದೊಡ್ಡ ಸಾರ್ ಹಾಳೆಯನ್ನು ಮೇಜಿನ ಮೇಲೆ ಬೋರಲು ಹಾಕಿದರು. ನನ್ನ ನಾದಿನಿಯ ಕಡೆ ನೋಡದೆ ಕೈ ಚಾಚಿದರು.

"ಬೀರು ಕೀಲಿ ಕೊಡಿ."

ದಾರ ಬೆವರಿಗೆ ಕೊರಳಿಗೆ ಅಂಟಿಕೊಂಡಿತ್ತು. ಬಿಚ್ಚಲು ಅವಳ ಕೈಲಾಗಲಿಲ್ಲ. ನಾನೇ ತಲೆಯ ಮೇಲಿಂದ ತೆಗೆದೆ.

"ಮೂರನೇ ಸಲದ್ದು ಸುಳ್ಳು," ಎಂದಳು ಹುಡುಗಿ ತನಗೆ ತಾನೇ. "ಮೊದಲೆರಡು ಸಲ ಗಾಜು ಶುಚಿಯಾಗಿತ್ತು, ಇಲ್ನೋಡಿ. ಆದ್ರೆ ಎರಡನ್ನ ನಂಬಿ ಬರೆಯೋಕಾಗಲ್ಲ. ಅದೂ ಇನ್ಯಾವುದೋ ಕಲೆ ಇರಬಹುದು. ಲೋಕ ನಿಜವಾಗಿದ್ರೆ ಮೂವತ್ತೆಂಟನೇ ರಾತ್ರಿ ಮತ್ತೆ ಮಂಕಾಗಬೇಕು. ಭಾನುವಾರವಲ್ಲ, ಅದರಾಚೆ ಭಾನುವಾರ. ಆಗದೇ ಇದ್ರೆ ಏನೂ ಇಲ್ಲ."

ಪತ್ರಿಕೆಯವರಿಗೆ ಬರಬೇಡಿ ಎಂದು ಹೇಳಿಕಳಿಸಿದರು. ಹೊಸ ಬುರುಡೆಯಿಂದ, ದೊಡ್ಡ ಸಾರ್ ಅವರೇ ನಿಂತು, ಬೇರೊಬ್ಬನಿಂದ ಗಾಜು ಶುಚಿ ಮಾಡಿಸಿದರು. ನನ್ನ ನಾದಿನಿಯನ್ನು ಬೆಟ್ಟ ಇಳಿಸಲಿಲ್ಲ, ಇಳಿಸುವುದಿಲ್ಲ ಎಂದೂ ಹೇಳಲಿಲ್ಲ. "ಸದ್ಯಕ್ಕೆ ನೆಲ ಒರೆಸಿ," ಎಂದರು. ಆ 'ಸದ್ಯಕ್ಕೆ' ಎಂಬ ಮಾತು ಹತ್ತು ದಿನ ನಮ್ಮ ಮನೆಯಲ್ಲಿ ಓಡಾಡಿತು.

ಹೇಳಿದರೆ ಭಯ ಇಳಿಯುತ್ತದೆ ಅನ್ನುತ್ತಾರೆ. ಅವಳಿಗೆ ಇಳಿಯಲಿಲ್ಲ, ಜಾಗ ಬದಲಾಯಿಸಿತು ಅಷ್ಟೆ. ಮೊದಲು ಕೀಲಿಯ ಭಯವಿತ್ತು. ಈಗ ಸಣ್ಣ ಮೇಡಂ ಎದುರಿಗೆ ಬಂದರೆ ಬಕೆಟ್ಟು ಎತ್ತಿಕೊಂಡು ಮೆಟ್ಟಿಲ ಹಿಂದೆ ನಿಲ್ಲುವಳಂತೆ. ಹುಡುಗಿ ಬೈದಿದ್ದರೆ ಚೆನ್ನಾಗಿತ್ತು. ಅವಳು ಬೈಯಲಿಲ್ಲ, ಊಟವನ್ನೂ ಮಾಡುತ್ತಿರಲಿಲ್ಲ. ಮನೆಯಲ್ಲಿ ಇವಳು ಕೈಯನ್ನು ಪದೇಪದೇ ಕೊರಳಿಗೆ ಒಯ್ಯುವಳು, ಅಲ್ಲಿ ದಾರ ಇಲ್ಲ. ಬೆಳಿಗ್ಗೆ ಎದ್ದ ಕೂಡಲೇ ಮೋಡ ನೋಡುವಳು. ಮೋಡ ಕಂಡರೆ ಭಯ: ಆ ರಾತ್ರಿಯೂ ಹೀಗಿದ್ದರೆ? ಮೋಡ ಇಲ್ಲದಿದ್ದರೆ ಇನ್ನೂ ಭಯ: ನೋಡಿ ಏನೂ ಕಾಣದಿದ್ದರೆ?

"ಅಲ್ವೇ," ಎಂದರು ನಮ್ಮ ಮನೆಯವರು ಒಂದು ದಿನ, ಅವರಿಗೂ ಅಷ್ಟರಲ್ಲಿ ವಿಷಯ ಗೊತ್ತಾಗಿತ್ತು. "ನೀನು ಊದಿದ್ರೂ ಊದದೇ ಇದ್ರೂ ಅದು ಅಲ್ಲಿದ್ರೆ ಇರುತ್ತೆ, ಇಲ್ದಿದ್ರೆ ಇರಲ್ಲ. ನಾನು ಸೀಟಿ ಊದದಿದ್ರೆ ಊರು ಎಲ್ಲಾದ್ರೂ ಓಡಿಹೋಗ್ತಿತ್ತಾ?"

"ಬಸ್ಸು ತಪ್ಪಿದೋರಿಗೆ ಓಡಿಹೋದ ಹಾಗೇ ಅಣ್ಣ," ಎಂದಳು.

ಕಾದಿದ್ದ ಆ ಭಾನುವಾರ ಆಕಾಶ ತೊಳೆದಿಟ್ಟ ಹಾಗಿತ್ತು. ಸೋಮವಾರ ಬೆಳಿಗ್ಗೆ ಅವಳು ವ್ಯಾನಿಗೆ ಹೋಗಲು ಒಪ್ಪಲಿಲ್ಲ. ಬಾಗಿಲ ಬಳಿ ಚಪ್ಪಲಿ ಹಾಕಿದಳು, ತೆಗೆದಳು, ಮತ್ತೆ ಹಾಕಿದಳು. "ಅತ್ತಿಗೆ, ನೀವು ಮುಂದೆ ನಡೀರಿ," ಎಂದಳು. ಇಬ್ಬರೂ ಹೋದೆವು.

ವ್ಯಾನು ನಿಲ್ಲುವ ಜಾಗದಲ್ಲೇ ಹುಡುಗಿ ನಿಂತಿದ್ದಳು, ಕಂಬಳಿ ಹೊದ್ದು, ನಿದ್ದೆಗೆಟ್ಟ ಕಣ್ಣು ಕೆಂಪಾಗಿ. ಆ ಮುಖದಲ್ಲಿ ಏನಿದೆಯೆಂದು ನನಗೂ ಓದಲಾಗಲಿಲ್ಲ. ನನ್ನ ನಾದಿನಿ ವ್ಯಾನಿನ ಮೆಟ್ಟಿಲಿಂದ ಇಳಿಯದೆ ನಿಂತುಬಿಟ್ಟಳು.

"ಅಕ್ಕ, ಇಳೀರಿ. ಮಂಕಾಯ್ತು. ಒಂದು ಗಂಟೆ ಹತ್ತು ನಿಮಿಷಕ್ಕೆ ಶುರುವಾಯ್ತು, ನಾಲ್ಕೂಕಾಲಿಗೆ ಬಿಡ್ತು."

"ಗಾಜು?"

"ಗಾಜು ನೂರು ಸಲ ನೋಡಿದೀನಿ."

"ಇನ್ನೊಂದ್ಸಲ ನೋಡಮ್ಮ."

ಹುಡುಗಿ ಅಳುತ್ತ ನಕ್ಕಳು. "ಇದೆ ಅಕ್ಕ, ಅದು ಇದೆ. ಅದರ ವರ್ಷ ಮಾತ್ರ ಹತ್ತೊಂಬತ್ತು ದಿನದ್ದಲ್ಲ, ಮೂವತ್ತೆಂಟರದ್ದು. ನಾನು ಬರೆದಿದ್ದಕ್ಕಿಂತ ದೂರದಲ್ಲಿ ಸುತ್ತುತ್ತೆ, ಅಷ್ಟು ಬಿಸಿ ಇಲ್ಲ. ನಿಮ್ಮ ಉಗುಳಿನ ಚುಕ್ಕೆ ಅದನ್ನ ನಕ್ಷತ್ರದ ಬೆಂಕಿ ಹತ್ರ ತಳ್ಳಿಬಿಟ್ಟಿತ್ತು."

ದೊಡ್ಡ ಸಾರ್ ಮಧ್ಯಾಹ್ನ ಕರೆಸಿದರು. ಮೇಜಿನ ಮೇಲೆ ಕೀಲಿ, ಪಕ್ಕದಲ್ಲಿ ಹೊಸ ಬುರುಡೆ ಮೂರು. ಇನ್ನು ಮುಂದೆ ಗಾಜಿನ ಹತ್ತಿರ ಇಬ್ಬರು ಇರಬೇಕು ಎಂದರು. ಅವಳು ಕೀಲಿ ಮುಟ್ಟಲಿಲ್ಲ. "ನನಗೆ ಭಯ ಆಗುತ್ತೆ ಸಾರ್," ಎಂದಳು.

"ಆಗಲಿ. ಭಯ ಇಲ್ಲದೋರ ಹತ್ರ ಈ ಕೀಲಿ ಇದ್ರೆ ನನಗೆ ಭಯ," ಎಂದರು. ಅವರು ಅಷ್ಟುದ್ದ ಮಾತಾಡಿದ್ದನ್ನು ಕೇಳಿದವರು ಕಡಿಮೆಯಂತೆ.

ಈಗ ಕೀಲಿ ಮತ್ತೆ ಕೊರಳಲ್ಲಿದೆ. ಗಾಜಿನ ಮಂಗಳವಾರ ಬಂದರೆ ಮೂಗು ಬಾಯಿಗೆ ಎರಡು ಸುತ್ತು ಬಟ್ಟೆ ಕಟ್ಟಿಕೊಂಡು, ಉಸಿರು ಹಿಡಿದು ಬುರುಡೆ ಅಮುಕುತ್ತಾಳೆ. ಜೊತೆಗಿರುವವನು ಟಾರ್ಚು ಓರೆಯಾಗಿ ಹಿಡಿದು "ಇಲ್ಲ" ಎಂದ ಮೇಲೂ ಅವನಿಂದ ಟಾರ್ಚು ಇಸಿದುಕೊಂಡು ತಾನೊಮ್ಮೆ ನೋಡುತ್ತಾಳೆ. ಓಣಿಯವರು ಇವತ್ತಿಗೂ ಉಫ್ಫಕ್ಕ ಎಂದೇ ಕರೆಯುತ್ತಾರೆ. ಆದರೆ ಆ ಬಿಸ್ಕತ್ತಿನ ಸೋಮವಾರದಿಂದ ಈಚೆಗೆ ಅವಳು ಏನನ್ನೂ ಊದಿದ್ದು ನಾನು ಕಂಡಿಲ್ಲ.

ನಿನ್ನೆಯೂ ಚಹಾ ಕೊಟ್ಟೆ, ಹೊಗೆಯಾಡುತ್ತಿತ್ತು. ಲೋಟವನ್ನು ಮುಂದಿಟ್ಟುಕೊಂಡು ಕೂತೇ ಇದ್ದಳು.

"ಊದ್ಕೊಂಡು ಕುಡಿಯೇ," ಎಂದರು ಅವಳ ಅಣ್ಣ. "ಅದು ಚಹಾ ಕಣೇ, ನಕ್ಷತ್ರ ಅಲ್ಲ."

"ಆರಲಿ ಬಿಡಣ್ಣ," ಎಂದಳು, ತುಟಿಯ ಮೇಲೆ ಕೈ ಇಟ್ಟುಕೊಂಡು.